ಓದನ್ನು ಕೇಳಿಸಿಕೊಳ್ಳುವ ಕೆಲಸ

ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳ ಸೇವೆ ಸಲ್ಲಿಸಬೇಕೆಂಬುದು ನಿಯಮ. ನಾವು ಪಿಯುಸಿ ಓದುತ್ತಿದ್ದಾಗ ಅದರ ಬಹುಭಾಗವು ಕಳೆ ಕೀಳುವುದರಲ್ಲಿ ಮತ್ತು ಜಾಥಾಗಳಲ್ಲಿ ಮುಗಿಯುತ್ತಿತ್ತು. ಯೋಜನಾಧಿಕಾರಿಗಳಾಗಿದ್ದ ಕನ್ನಡ ಉಪನ್ಯಾಸಕರು ಮಾತ್ರ ನಮ್ಮಲ್ಲಿ ಕೆಲವರನ್ನು ಸಮೀಪದ ಸರ್ಕಾರಿ ಪ್ರಾಥಮಿಕ ಶಾಲೆಗೆ ಕಳುಹಿಸುತ್ತಿದ್ದರು. ನೀವು ಪಾಠ ಮಾಡಬೇಕಾಗಿಲ್ಲ, ಮಕ್ಕಳು ಓದುವುದನ್ನು ಕೇಳಿಸಿಕೊಂಡರೆ ಸಾಕು ಎಂದು ಅವರು ಮೊದಲ ದಿನವೇ ಹೇಳಿದ್ದರು.

ನಲಿ-ಕಲಿ ಪದ್ಧತಿ 1995ರಲ್ಲಿ ಆರಂಭವಾದದ್ದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿಯೇ. ಆಂಧ್ರಪ್ರದೇಶದ ಋಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಇಲ್ಲಿನ ಶಿಕ್ಷಕರು ರೂಪಿಸಿದ ಈ ಕ್ರಮ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ಕಲಿಕೆಯ ಹಂತಗಳನ್ನು ಕ್ರಮವಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ಹುಡುಕಿ, ಅದಕ್ಕೆ ತಕ್ಕ ಕಾರ್ಡು ತೆಗೆದುಕೊಂಡು, ‘ತಟ್ಟೆ’ ಎಂದು ಕರೆಯುವ ತಮ್ಮ ಕಲಿಕಾ ಗುಂಪಿಗೆ ಹೋಗುತ್ತಾರೆ. ಇಷ್ಟೂ ಮಕ್ಕಳಿಗೆ ಶಿಕ್ಷಕಿ ಒಬ್ಬರೇ. ಒಂದು ಮಗುವಿನ ಪಕ್ಕದಲ್ಲಿ ಕುಳಿತು ಇಡೀ ಪುಟ ಕೇಳಿಸಿಕೊಳ್ಳುವಷ್ಟು ಬಿಡುವು ಅವರಿಗೆ ಎಲ್ಲಿಂದ ಬರಬೇಕು? ಆ ಬಿಡುವು ನಮ್ಮಲ್ಲಿತ್ತು.

ಮೊದಲಿಗೆ ಬರುವ ರ, ಗ, ಸ, ದ, ಅ ಎಂಬ ಐದಕ್ಷರಗಳಲ್ಲೇ ಅರಸ, ಅಗಸ, ಗರಗಸ ಎಲ್ಲವೂ ಹುಟ್ಟುವುದರಿಂದ ಆರಂಭದಲ್ಲಿ ಮಕ್ಕಳಿಗೆ ಉತ್ಸಾಹವೋ ಉತ್ಸಾಹ. ತೊಡಕು ಎದುರಾಗುವುದು ಒತ್ತಕ್ಷರಗಳಲ್ಲಿ. ‘ಶಕ್ತಿ’ ಎಂಬಲ್ಲಿ ಗುಡಿಸು ಕಣ್ಣಿಗೆ ಕಾಣುವುದು ಕಕಾರದ ಮೇಲೆ, ಕಿವಿಗೆ ಕೇಳುವುದು ತಕಾರದ ನಂತರ. ಹೀಗಾಗಿ ಮೂರನೇ ತರಗತಿಯ ಹುಡುಗಿಯೊಬ್ಬಳು ಅದನ್ನು ‘ಶಕಿತ’ ಎಂದು ಓದುತ್ತಿದ್ದಳು. ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದ ಅವಳನ್ನು ದಡ್ಡಿ ಎನ್ನುವುದು ಹೇಗೆ? ‘ಸೂರ್ಯ’ದ ಅರ್ಕಾವೊತ್ತಿನಲ್ಲಿಯೂ ಇದೇ ಪೇಚು. ಇನ್ನು ಕೆಲವರು ಪಾಠವನ್ನೇ ಬಾಯಿಪಾಠ ಮಾಡಿಕೊಂಡು, ಪುಸ್ತಕದ ಮೇಲೆ ಬೆರಳಾಡಿಸುತ್ತ ನಿರರ್ಗಳವಾಗಿ ‘ಓದುತ್ತಿದ್ದರು’. ಚಿತ್ರವನ್ನು ಅಂಗೈಯಿಂದ ಮುಚ್ಚಿ, ಸಾಲಿನ ನಡುವಿನ ಒಂದು ಪದವನ್ನು ಕೇಳಿದಾಗಲೇ ಗುಟ್ಟು ರಟ್ಟಾಗುತ್ತಿತ್ತು. ಮಗುವಿನ ಕೈಯಿಂದ ಪುಸ್ತಕ ಕಿತ್ತುಕೊಳ್ಳಬಾರದು, ಪದವನ್ನು ನಾವೇ ಮೊದಲು ಹೇಳಿಬಿಡಬಾರದು ಎಂಬ ಎರಡು ಕಟ್ಟಳೆಗಳನ್ನು ಉಪನ್ಯಾಸಕರು ವಿಧಿಸಿದ್ದರು. ಎರಡನೆಯದನ್ನು ಪಾಲಿಸುವುದು ಹದಿನಾರು ಹದಿನೇಳರ ವಯಸ್ಸಿನವರಿಗೆ ಸುಲಭವಲ್ಲ.

ಹಾಡಿಗಳಿಂದ, ಎಂದರೆ ಬುಡಕಟ್ಟು ಜನರ ಪುಟ್ಟ ವಸತಿಗಳಿಂದ, ಬರುತ್ತಿದ್ದ ಜೇನುಕುರುಬರ ಮಕ್ಕಳಿಗೆ ಮನೆಮಾತು ಬೇರೆ, ಕಾರ್ಡಿನ ಮಾತು ಬೇರೆ. ನಮ್ಮ ತಂಡದಲ್ಲಿ ಹಾಡಿಯಿಂದಲೇ ಬಂದಿದ್ದ ಗೆಳೆಯನೊಬ್ಬ ಕಥೆಯನ್ನು ಮೊದಲು ಅವರ ನುಡಿಯಲ್ಲಿ ಹೇಳಿ, ನಗಿಸಿ, ಆಮೇಲೆ ಕಾರ್ಡನ್ನು ಅವರ ಮುಂದಿಡುತ್ತಿದ್ದನು. ತರಗತಿಯಲ್ಲಿ ತುಟಿ ಬಿಚ್ಚದ ಮಕ್ಕಳು ಅವನನ್ನು ‘ಅಣ್ಣಾ’ ಎಂದು ಕೂಗಿ ಕರೆದು ಓದಿ ತೋರಿಸುತ್ತಿದ್ದರು. ನಮ್ಮೆಲ್ಲರಿಗಿಂತ ಅವನೇ ಹೆಚ್ಚು ಉಪಯೋಗಕ್ಕೆ ಬಂದವನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಏಳು ದಿನಗಳ ವಿಶೇಷ ಶಿಬಿರದ ಶ್ರಮದಾನಕ್ಕೆ ಛಾಯಾಚಿತ್ರಗಳಿವೆ, ಅವನ ಈ ಕೆಲಸದ ಚಿತ್ರ ಒಂದೂ ಇಲ್ಲ.

ಈಗಿನ ಘಟಕದವರು ಈ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳುವುದಾದರೆ ಮೂರನೇ ತರಗತಿಯಿಂದಲೇ ಆರಂಭಿಸಲಿ. ನಾಲ್ಕಕ್ಕೆ ಹೋದ ಮೇಲೆ ಕಾರ್ಡುಗಳಿಲ್ಲ, ಏಣಿಯಿಲ್ಲ, ಒತ್ತಕ್ಷರ ತುಂಬಿದ ಪಠ್ಯಪುಸ್ತಕಗಳು ಒಮ್ಮೆಲೇ ಎದುರಾಗುತ್ತವೆ. ಜೂನ್ ತಿಂಗಳಲ್ಲೇ ತೊಡಗುವುದು ಲೇಸು, ಏಕೆಂದರೆ ಹೊಗೆಸೊಪ್ಪು ಮುರಿಯುವ ಕಾಲ ಬಂತೆಂದರೆ ಮನೆಗೆಲಸಕ್ಕೆ ನಿಲ್ಲುವ ಮಕ್ಕಳೂ ಇರುತ್ತಾರೆ, ಸ್ವಯಂಸೇವಕರೂ ಇರುತ್ತಾರೆ.