ಪ್ಲಾನ್ ಮಾಡಿದ್ರ ಕಲೆ ಸಾಯ್ತದಾ?

ಪ್ಲಾನ್ ಮಾಡ್ಕೊಂಡು ಕೂತ್ರ ಕ್ರಿಯೇಟಿವಿಟಿ ಸಾಯ್ತದ ಅಂತ ನಮ್ಮ ದೋಸ್ತರು ಭಾಳ ಮಂದಿ ಅಂತಾರ, ಮೂಡ್ ಬಂದಾಗ ಬರೀತೀನಿ ಅಂದವರು ವರ್ಷಗಟ್ಟಲೆ ಒಂದ್ ಪುಟಾನೂ ಬರ್ದಿರಂಗಿಲ್ಲ, ಅದಿರ್ಲಿ ಬಿಡ್ರಿ. ನಂಗಂತೂ ಈ ಮಾತಿಗೆ ನಮ್ಮ ಬೀದರಿನ ಬಿದರಿ ಕೆಲಸಾನೇ, ಅಂದ್ರ ಕಪ್ಪು ಲೋಹದಾಗ ಬೆಳ್ಳಿ ಕೂಡಿಸೋ ಕಲೇನೇ, ಉತ್ತರ ಅನಿಸ್ತದ.

ಅಲ್ಲಿ ಯಾವ್ದೂ ಹಿಂದ ಮುಂದ ಮಾಡ್ಲಿಕ್ಕಾಗಂಗಿಲ್ಲ. ಸತು ಜಾಸ್ತಿ, ತಾಮ್ರ ಸ್ವಲ್ಪ ಕರಗಿಸಿ ಅಚ್ಚಿಗೆ ಹೊಯ್ಯಬೇಕು, ಉಜ್ಜಿ ನುಣ್ಣಗ ಮಾಡಬೇಕು, ಕೊರೆಯೋ ಗೆರಿ ಚಂದಗ ಕಾಣ್ಲಿ ಅಂತ ಮೈಲುತುತ್ತದ ನೀರು ಹಚ್ಚಿ ಸ್ವಲ್ಪ ಹೊತ್ತಿನ ಮಟ್ಟಿಗೆ ಕಪ್ಪು ಮಾಡ್ಕೋಬೇಕು, ಆಮ್ಯಾಲ ಕೊರೆದ ಜಾಗಕ್ಕ ಬೆಳ್ಳಿ ಬಡಿದು ಕೂಡಿಸೋದು. ಕಡೀಕ ಬೀದರ್ ಕೋಟೆ ಮಣ್ಣು, ನವಸಾಗರ ಅನ್ನೋ ಒಂದು ಥರದ ಉಪ್ಪು ಕೂಡಿಸಿ ಬಿಸಿ ಮಾಡಿ ಹಚ್ಚಿದ್ರ ಲೋಹ ಕರ್ರಗ ಆಗ್ತದ, ಬೆಳ್ಳಿ ಮಾತ್ರ ಹಂಗೇ ಹೊಳೀತದ!

ಇಷ್ಟೆಲ್ಲ ಕಟ್ಟುನಿಟ್ಟು ಇದ್ರೂ ಬಳ್ಳಿ ಹೂವು ಬಿಡಿಸೋದು ನುರಿತ ಕೈಗೆ ಬಿಟ್ಟಿದ್ದು, ಸ್ಕೇಲ್ ಇಲ್ಲ ಏನಿಲ್ಲ, ಉಳಿ ಹಿಡ್ಕೊಂಡು ನೇರ ಕೊರೀತಾರ. ಮುಂದೇನು ಅನ್ನೋ ಚಿಂತಿ ಇಲ್ಲದ್ದಕ್ಕೇ ಕೈ ಹಂಗ ಓಡ್ತದ ಅಂತ ನನ್ನ ಲೆಕ್ಕ. 2023ರಾಗ ಪದ್ಮಶ್ರೀ ಬಂತಲ್ರಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ, ಅದೂ ಇದೇ ಕಲೆಗೆ.

ಹಂಗಂತ ಎಲ್ಲಾ ಪ್ಲಾನೂ ಚಲೋ ಅಂತಲ್ಲ. ಸನ್ಮಾನಕ್ಕ ಕೊಡೋ ಮೊಮೆಂಟೋ ಆರ್ಡರ್ ನೋಡ್ರಿ, ಅದೇ ಸೈಜ್ ಅದೇ ಹೂವು, ನಾಳೆ ಸಂಜಿಗೇ ಬೇಕು ಅಂತಾರ, ಪಾಪ ಅದ್ರಾಗ ಕಾರೀಗರ ಹೊಸಾದು ಏನ್ ಮಾಡ್ಬೇಕು?