ಗೋಡೆ ಮುಟ್ಟೋ ಮುಂಚಿನ ಆರು ನಿಮಿಷ

ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾನ್ಯಾ ಗಾರ್ನ್‌ಬ್ರೆಟ್ ಯಾರು ಅಂತ ಕೇಳಿದರೆ ಒಬ್ಬರೂ ಹೇಳಲ್ಲ. ತಪ್ಪೇನಿಲ್ಲ. ಬಂಡೆ ಹತ್ತೋದು ಅಂದರೆ ನಮಗೆ ಚಿತ್ರದುರ್ಗದ ಕೋತಿರಾಜ, ಅಲ್ಲಿಗೆ ಮುಗೀತು. ಹಗ್ಗ ಇಲ್ಲದೆ ಕೋಟೆ ಗೋಡೆ ಏರುವ ಅವರನ್ನು ಕಂಡರೆ ನನಗೂ ಬೆರಗು. ಆದರೆ ಯಾನ್ಯಾ ಆಡೋದು ಬೇರೆ ಆಟ, ಕೃತಕ ಗೋಡೆ ಹತ್ತೋ ಸ್ಪೋರ್ಟ್ ಕ್ಲೈಂಬಿಂಗ್. ಆ ಆಟದಲ್ಲಿ ಅವಳಿಗೆ ಎರಡು ಒಲಿಂಪಿಕ್ ಚಿನ್ನ, 10 ವಿಶ್ವ ಚಾಂಪಿಯನ್ ಪಟ್ಟ, 40ಕ್ಕೂ ಜಾಸ್ತಿ ವಿಶ್ವಕಪ್ ಗೆಲುವು (ಇಲ್ಲಿ ವಿಶ್ವಕಪ್ ಅಂದರೆ ವರ್ಷಕ್ಕೆ ಹಲವು ಸಲ ನಡೆಯೋ ಕೂಟ). ಸ್ಲೊವೇನಿಯಾ ಅನ್ನೋ ಪುಟ್ಟ ದೇಶದವಳು. ಅಲ್ಲಿನ ಜನಸಂಖ್ಯೆ ಸುಮಾರು 21 ಲಕ್ಷ, ಅಂದರೆ ನಮ್ಮ ಶಿವಮೊಗ್ಗ ಜಿಲ್ಲೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಇವಳು ಯಾಕಿಷ್ಟು ಗೆಲ್ತಾಳೆ ಅಂದರೆ ಎಲ್ಲರೂ ಹೇಳೋದು ಬೆರಳಿನ ಶಕ್ತಿ, ತೋಳಿನ ಶಕ್ತಿ ಅಂತ. ನಾನು ಒಪ್ಪಲ್ಲ. ಫೈನಲ್‌ಗೆ ಬರುವ ಎಂಟೂ ಜನಕ್ಕೆ ಆ ಶಕ್ತಿ ಇರುತ್ತದೆ. ನನ್ನ ಲೆಕ್ಕದಲ್ಲಿ ಯಾನ್ಯಾ ಅರ್ಧ ಆಟ ಗೆಲ್ಲೋದು ನೆಲದ ಮೇಲೆ ನಿಂತಿರುವಾಗಲೇ.

ಯಾಕೆ ಅಂತ ಹೇಳ್ತೀನಿ. ಈ ಸ್ಪರ್ಧೆಯಲ್ಲಿ ಹತ್ತಬೇಕಾದ ದಾರಿ ಪ್ರತಿ ಸಲವೂ ಹೊಸದು. ಗೋಡೆ ಮೇಲೆ ಎಲ್ಲೆಲ್ಲಿ ಹಿಡಿ ಕೂರಿಸಬೇಕು ಅಂತ ತೀರ್ಮಾನ ಮಾಡೋರು ರೂಟ್ ಸೆಟರ್‌ಗಳು. ಅದನ್ನು ಕದ್ದು ನೋಡಬಾರದು ಅಂತ ಸ್ಪರ್ಧಿಗಳನ್ನೆಲ್ಲ ಬೇರೆ ಕೋಣೆಯಲ್ಲಿ ಕೂರಿಸಿರ್ತಾರೆ. ಲೀಡ್ ಅಂದರೆ ಹಗ್ಗ ಕಟ್ಟಿಕೊಂಡು ಎತ್ತರದ ಗೋಡೆ ಹತ್ತೋದು. ಅದರ ಫೈನಲ್ ಆದರೆ ಎಲ್ಲರನ್ನೂ ಒಟ್ಟಿಗೆ ಹೊರಗೆ ಬಿಟ್ಟು ಆರು ನಿಮಿಷ ಕೊಡ್ತಾರೆ. ಕೆಳಗೆ ನಿಂತು ಬರೀ ನೋಡೋಕೆ. ಕೆಲವರು ದುರ್ಬೀನು ಹಿಡಿದು ಬರ್ತಾರೆ. ಕೈ ಎತ್ತಿ ಗಾಳಿಯಲ್ಲೇ ಹತ್ತುತ್ತಾರೆ, ಎಡಗೈ ಇಲ್ಲಿ, ಬಲಗೈ ಅಲ್ಲಿ, ಇಲ್ಲಿ ಹಿಮ್ಮಡಿ ಸಿಕ್ಕಿಸಬೇಕು, ಇಲ್ಲಿ ಹಗ್ಗ ಕ್ಲಿಪ್ ಮಾಡಬೇಕು ಅಂತ. ಆಮೇಲೆ ಮತ್ತೆ ಒಳಗೆ. ತನ್ನ ಸರದಿ ಬಂದಾಗ ಒಂದೇ ಸಲ ಹತ್ತಬೇಕು. ಜಾರಿದರೆ ಮುಗೀತು, ಎಲ್ಲಿವರೆಗೆ ಹೋಗಿದ್ದೀಯೋ ಅದೇ ಅಂಕ. ಬೌಲ್ಡರ್‌ನಲ್ಲಿ ಗೋಡೆ ಗಿಡ್ಡ, ಹಗ್ಗ ಇಲ್ಲ, ಕೆಳಗೆ ದಪ್ಪ ಹಾಸು. ಅಲ್ಲಿ ಬಿದ್ದು ಮತ್ತೆ ಹತ್ತಬಹುದು, ಆದರೆ ಪ್ರತಿ ಬಿದ್ದದ್ದಕ್ಕೂ ಅಂಕ ಕಳೀತಾರೆ.

ಕಳೆದ ಕೊಯ್ಲಿನಲ್ಲಿ ನಮ್ಮ ತೋಟಕ್ಕೆ ಅಡಿಕೆ ಕೊನೆ ಇಳಿಸೋಕೆ ಬಂದ ಕೊನೆಗೌಡರಿಗೆ ಮೊಬೈಲಿನಲ್ಲಿ ಇವಳ ವಿಡಿಯೋ ತೋರಿಸಿದ್ದೆ. ಊಟ ಮುಗಿಸಿ ಅಂಗಳದಲ್ಲಿ ಕವಳ ಹಾಕಿಕೊಂಡು ಕೂತಿದ್ದರು. ಅವಳು ಮೇಲೆ ನೇತಾಡೋದನ್ನೆಲ್ಲ ಸುಮ್ನೆ ನೋಡಿದರು, ಏನೂ ಅನ್ನಲಿಲ್ಲ. ವಿಡಿಯೋ ಮುಗಿದ ಮೇಲೆ, "ಮೊದ್ಲು ಕೆಳಗೆ ನಿಂತು ನೋಡ್ತಾಳಲ್ಲ, ಅದನ್ನ ಇನ್ನೊಂದ್ಸಲ ಹಾಕಮ್ಮ" ಅಂದರು. ನೋಡಿ, "ಇವ್ಳಿಗೆ ಕೆಲಸ ಗೊತ್ತು" ಅಂದರು. "ಯಾಕೆ ಗೌಡ್ರೇ?" ಅಂದೆ. "ಸುಮ್ನೆ ಹತ್ತಿದ್ರೆ ಮೇಲೆ ಹೋಗಿ ಎಲ್ಲಿಗೆ ಹೋಗ್ತೀಯ?"

ಅವರು ಕೆಲಸ ಮಾಡೋದನ್ನು ನೋಡಿದರೆ ಈ ಮಾತು ಅರ್ಥ ಆಗುತ್ತದೆ. ಕಾಲಿಗೆ ತಳೆ ಹಾಕೋ ಮುಂಚೆ ಅವರು ಮರದ ಬುಡದಲ್ಲಿ ಒಂದು ಸುತ್ತು ಹಾಕ್ತಾರೆ. ಯಾವ ಕೊನೆ ಬಲಿತಿದೆ, ಎತ್ತ ಕಡೆಯಿಂದ ಹತ್ತಬೇಕು, ಮೇಲಿಂದ ಮರ ತೂಗಿದರೆ ಪಕ್ಕದ ಯಾವ ಮರ ಕೈಗೆ ಸಿಗುತ್ತೆ, ಎಲ್ಲ ಲೆಕ್ಕ ಕೆಳಗೇ. ಹತ್ತೋಕೆ ಶುರು ಮಾಡಿದ ಮೇಲೆ ಯೋಚನೆ ಇಲ್ಲ. ಯಾನ್ಯಾ ಕೂಡ ಹಾಗೇ, ಬೇರೆಯವರು ಅನುಮಾನ ಪಟ್ಟುಕೊಂಡು ನಿಲ್ಲೋ ಜಾಗದಲ್ಲಿ ಅವಳ ಕಾಲು ಆಗಲೇ ಮುಂದಿನ ಹಿಡಿ ಮೇಲೆ ಇರುತ್ತದೆ. ಒಂದು ಕೈಯಲ್ಲಿ ನೇತಾಡೋ ಹೊತ್ತು ಕಡಿಮೆಯಾದಷ್ಟೂ ತೋಳು ಉಳಿಯುತ್ತೆ, ಮೇಲಿನ ಕಷ್ಟದ ಭಾಗಕ್ಕೆ ಅದು ಬೇಕು. (ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಕೊನೆ ಇಳಿಸ್ತಾರೆ. ಗೌಡರ ಮಗ ಅದನ್ನೇ ಮಾಡೋದು. ಬೀಳೋ ಭಯ ಇಲ್ಲ, ಒಳ್ಳೇದೇ ಆಯ್ತು.)

ಇನ್ನು ಯಾನ್ಯಾ ಬೆಳೆದ ಬಗೆ. ಹುಟ್ಟಿದ್ದು 1999ರಲ್ಲಿ. ಏಳನೇ ವಯಸ್ಸಿಗೇ ಹತ್ತೋಕೆ ಶುರು. 16 ತುಂಬಿದ ಕೂಡಲೇ, 2015ರಲ್ಲಿ ವಿಶ್ವಕಪ್‌ಗೆ ಬಂದಳು. ಮರು ವರ್ಷ ಪ್ಯಾರಿಸ್ಸಿನಲ್ಲಿ ಲೀಡ್ ವಿಶ್ವ ಚಾಂಪಿಯನ್, 17ನೇ ವಯಸ್ಸಿಗೆ. ಅಲ್ಲಿಂದ 2018ರವರೆಗೆ ಲೀಡ್ ವಿಶ್ವಕಪ್ ಸರಣಿ ಮೂರು ವರ್ಷವೂ ಅವಳದೇ.

2018ರ ಇನ್ಸ್‌ಬ್ರುಕ್ ವಿಶ್ವ ಚಾಂಪಿಯನ್‌ಶಿಪ್ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ, ನನಗೆ ಮಾತ್ರ ಅದು ಬಹಳ ಇಷ್ಟ. ಲೀಡ್ ಫೈನಲ್‌ನಲ್ಲಿ ಯಾನ್ಯಾ ತುದಿ ಮುಟ್ಟಿದಳು. ಆಸ್ಟ್ರಿಯಾದ ಜೆಸ್ಸಿಕಾ ಪಿಲ್ಜ್ ಕೂಡ ತನ್ನ ದೇಶದ ಜನದ ಮುಂದೆ ತುದಿ ಮುಟ್ಟಿದಳು. ಸೆಮಿಫೈನಲ್ ಲೆಕ್ಕ ನೋಡಿದರೂ ಇಬ್ಬರೂ ಸಮ. ಕೊನೆಗೆ ಯಾರು ಬೇಗ ಹತ್ತಿದರು ಅಂತ ಗಡಿಯಾರ ನೋಡಿ ಚಿನ್ನ ಪಿಲ್ಜ್‌ಗೆ ಕೊಟ್ಟರು. ಬೀಳದೇ ಸೋತರೆ ಹೇಗಿರುತ್ತೆ ಹೇಳಿ? ಯಾನ್ಯಾಗೆ ಆಗ 19. ಅದೇ ಕೂಟದಲ್ಲಿ ಕೆಲವೇ ದಿನ ಬಿಟ್ಟು ಬೌಲ್ಡರ್ ಚಿನ್ನ ಹೊಡೆದಳು, ಬೇರೆ ಬೇರೆ ಬಗೆ ಸೇರಿಸಿ ಲೆಕ್ಕ ಹಾಕೋ ಕಂಬೈನ್ಡ್ ಚಿನ್ನವನ್ನೂ ಹೊಡೆದಳು. ಮರು ವರ್ಷ 2019ರಲ್ಲಿ ಬೌಲ್ಡರ್ ವಿಶ್ವಕಪ್‌ನ ಆರಕ್ಕೆ ಆರೂ ಗೆದ್ದಳು. ಒಂದು ಸೀಸನ್ನಿನ ಎಲ್ಲ ಬೌಲ್ಡರ್ ವಿಶ್ವಕಪ್ ಗೆದ್ದವರು ಅದಕ್ಕೆ ಮುಂಚೆ ಗಂಡಸರಲ್ಲೂ ಇರಲಿಲ್ಲ, ಹೆಂಗಸರಲ್ಲೂ ಇರಲಿಲ್ಲ. ಅದೇ ವರ್ಷ ಜಪಾನಿನ ಹಚಿಯೋಜಿಯಲ್ಲಿ ಲೀಡ್, ಬೌಲ್ಡರ್, ಕಂಬೈನ್ಡ್ ಮೂರೂ ವಿಶ್ವ ಪಟ್ಟ.

ಟೋಕಿಯೋ ಒಲಿಂಪಿಕ್ಸ್ ನಡೆದದ್ದು 2021ರಲ್ಲಿ. ಅಲ್ಲಿನ ನಿಯಮ ನನಗೆ ಈಗಲೂ ತಮಾಷೆ ಅನ್ನಿಸುತ್ತೆ. ಸ್ಪೀಡ್, ಬೌಲ್ಡರ್, ಲೀಡ್ ಮೂರನ್ನೂ ಒಬ್ಬರೇ ಆಡಬೇಕು, ಮೂರರಲ್ಲಿ ಬಂದ ಸ್ಥಾನ ಗುಣಿಸಬೇಕು, ಕಡಿಮೆ ಬಂದವರಿಗೆ ಚಿನ್ನ. ಸ್ಪೀಡ್ ಅಂದರೆ 15 ಮೀಟರ್ ಗೋಡೆ, ಪ್ರಪಂಚದ ಎಲ್ಲ ಕಡೆ ಒಂದೇ ದಾರಿ, ಬರೀ ಓಟ. ಹೊಸ ದಾರಿ ನೋಡಿ ಬಿಡಿಸೋದೇ ಆಟ ಅಂದುಕೊಂಡವರಿಗೆ ಇದು ಬೇಡದ ಕೆಲಸ. ಯಾನ್ಯಾ ಅದರಲ್ಲಿ ಐದನೇ ಸ್ಥಾನ, ಉಳಿದ ಎರಡರಲ್ಲೂ ಮೊದಲ ಸ್ಥಾನ. ಒಟ್ಟು 5. ಬೆಳ್ಳಿ ಗೆದ್ದ ಮಿಹೊ ನೊನಾಕಾಗೆ 45.

ಮುಂಚೆ ನೋಡಿ ಹತ್ತೋ ಅವಳ ಕಲೆಗೆ ನಾನು ಕೊಡೋ ಸಾಕ್ಷಿ ಸ್ಪರ್ಧೆ ಹೊರಗಿನದು. 2021ರ ನವೆಂಬರಿನಲ್ಲಿ ಸ್ಪೇನಿನ ಒಲಿಯಾನಾದಲ್ಲಿ 8ಸಿ ಅನ್ನೋ ಬಹಳ ಕಷ್ಟದ ದರ್ಜೆಯ ದಾರಿಯನ್ನು ಮೊದಲ ನೋಟಕ್ಕೇ, ಒಮ್ಮೆಯೂ ಜಾರದೆ ಹತ್ತಿದಳು. ಇದಕ್ಕೆ ಆನ್‌ಸೈಟ್ ಅಂತಾರೆ. ಮುಂಚೆ ಹತ್ತಿ ನೋಡಿರಬಾರದು, ಬೇರೆಯವರು ಹತ್ತೋದನ್ನು ನೋಡಿರಬಾರದು, ಯಾರೂ ಏನೂ ಹೇಳಿಕೊಟ್ಟಿರಬಾರದು. 8ಸಿ ಅನ್ನು ಹಾಗೆ ಹತ್ತಿದ ಮೊದಲ ಹೆಣ್ಣುಮಗಳು ಅವಳೇ. 2020ರಲ್ಲಿ ಇನ್ನೊಬ್ಬ ಸ್ಲೊವೇನಿಯಾ ಕ್ಲೈಂಬರ್ ಡೊಮೆನ್ ಶ್ಕೋಫಿಚ್ ಜೊತೆ ತನ್ನ ದೇಶದ ಟ್ರಬೋವ್ಲ್ಯೆ ವಿದ್ಯುತ್ ಸ್ಥಾವರದ 360 ಮೀಟರ್ ಚಿಮಣಿಯನ್ನೂ ಹತ್ತಿದ್ದಳು. ನಮ್ಮ ಜೋಗ 253 ಮೀಟರ್. ಅದರ ಮೇಲೆ ಇನ್ನೂ 100 ಮೀಟರ್ ಸೇರಿಸಿಕೊಳ್ಳಿ. ನನಗೆ ಆ ವಿಡಿಯೋ ನೋಡೋವಾಗ ಅಂಗಾಲು ಜುಮ್ ಅಂತು, ಕ್ಲೈಂಬಿಂಗ್ ಅನ್ನೋದಕ್ಕಿಂತ ಜಾಹೀರಾತು ಅಂತಲೂ ಅನ್ನಿಸಿತು.

2023ರಲ್ಲಿ ಕಾಲ್ಬೆರಳು ಮುರಿಯಿತು. ವಾಪಸ್ ಬಂದು ಆಗಸ್ಟಿನಲ್ಲಿ ಬರ್ನ್‌ನಲ್ಲಿ ಬೌಲ್ಡರ್, ಕಂಬೈನ್ಡ್ ಎರಡೂ ವಿಶ್ವ ಪಟ್ಟ ಗೆದ್ದಳು. ಲೀಡ್ ಮಾತ್ರ ಜಪಾನಿನ ಆಯ್ ಮೋರಿ ಪಾಲಾಯಿತು. ಈ ಮೋರಿ ಹೆಸರು ನೆನಪಿಟ್ಟುಕೊಳ್ಳಿ.

ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ 2024ರ ಆಗಸ್ಟ್ 10ಕ್ಕೆ. ನಮ್ಮಲ್ಲಿ ಮಳೆ, ಕರೆಂಟ್ ಹೋಗೋದು ಬರೋದು, ಜಿಯೋ ಸಿನಿಮಾ ತಿರುಗ್ತಾ ತಿರುಗ್ತಾ ನಿಲ್ಲೋದು. ಈ ಸಲ ಸ್ಪೀಡ್ ಬೇರೆ ಮಾಡಿದ್ದರು, ಬೌಲ್ಡರ್‌ಗೆ 100, ಲೀಡ್‌ಗೆ 100 ಅಂಕ. ಬೌಲ್ಡರ್‌ನ ಮೊದಲ ದಾರಿಯಲ್ಲಿ ಶುರುವಿನ ಹಿಡಿಯೇ ಎತ್ತರದಲ್ಲಿತ್ತು. ಮೋರಿ 154 ಸೆಂಟಿಮೀಟರ್ ಹುಡುಗಿ. ಜಿಗಿದಳು, ಮತ್ತೆ ಜಿಗಿದಳು, ಹಿಡಿಯಲ್ಲಿ ಕೈ ನಿಲ್ಲಲೇ ಇಲ್ಲ. ಅದಕ್ಕೆ ಸೊನ್ನೆ. ಗಿಡ್ಡ ಇದ್ದರೆ ಇನ್ನೂ ಜೋರಾಗಿ ಜಿಗಿಯಬೇಕು, ಆಟ ಇರೋದೇ ಹಾಗೆ ಅಂತ ವಾದ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಅದು ಸೆಟರ್‌ಗಳ ಎಡವಟ್ಟು. ಹತ್ತೋಕೆ ಬಿಡದೇ ಸೋಲಿಸೋದು ಯಾವ ಆಟ? ಲೀಡ್‌ನಲ್ಲಿ ಅದೇ ಮೋರಿ ಎಲ್ಲರಿಗಿಂತ ಮೇಲೆ ಹೋಗಿ 96.1 ತೆಗೆದಳು, ಆದರೂ ನಾಲ್ಕನೇ ಸ್ಥಾನ.

ಯಾನ್ಯಾ ಬೌಲ್ಡರ್‌ನಲ್ಲಿ ಮುಂದಿದ್ದಳು, ಅಮೆರಿಕದ ಬ್ರೂಕ್ ರಾಬುಟೂ ಕೂದಲೆಳೆ ಹಿಂದೆ. ಲೀಡ್ ಗೋಡೆಯಲ್ಲಿ ಮೇಲೆ ಹೋದಷ್ಟೂ ಒಂದೊಂದು ಹಿಡಿಗೆ ಅಂಕ ಜಾಸ್ತಿ, ಕೊನೆಯ ಹತ್ತಕ್ಕೆ ನಾಲ್ಕು ನಾಲ್ಕು. ಹಾಗಾಗಿ ಎರಡು ಹಿಡಿ ಆಚೀಚೆ ಆದರೂ ಪದಕದ ಬಣ್ಣ ಬದಲಾಗಬಹುದು. ಯಾನ್ಯಾ ಒಟ್ಟು 168.5 ಮಾಡಿದಳು, ರಾಬುಟೂ 156. ಇನ್ಸ್‌ಬ್ರುಕ್‌ನ ಅದೇ ಪಿಲ್ಜ್‌ಗೆ ಕಂಚು. 2019ರ ಆರಕ್ಕೆ ಆರಕ್ಕಿಂತ ಈ ಚಿನ್ನವೇ ದೊಡ್ಡದು ಅಂತ ನನ್ನ ಲೆಕ್ಕ. 2019ರಲ್ಲಿ ಅವಳಿಗೆ 20 ವಯಸ್ಸು, ಹೆದರೋಕೆ ಏನೂ ಇರಲಿಲ್ಲ. ಪ್ಯಾರಿಸ್ಸಿನಲ್ಲಿ ಎಲ್ಲರೂ ಇವಳೇ ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿದ್ದರು.

ಇನ್ನೊಂದು ವಿಷಯಕ್ಕೂ ಅವಳನ್ನು ಮೆಚ್ಚಬೇಕು. ಮೈ ಹಗುರ ಇದ್ದಷ್ಟು ಹತ್ತೋದು ಸುಲಭ, ಅದಕ್ಕೇ ಈ ಆಟದಲ್ಲಿ ಊಟ ಬಿಟ್ಟು ತೂಕ ಇಳಿಸೋ ಚಾಳಿ ಮೊದಲಿನಿಂದ ಇದೆ. ಮುಟ್ಟು ನಿಲ್ಲುತ್ತೆ, ಮೂಳೆ ಸವೆಯುತ್ತೆ, ಆದರೂ ಪದಕ ಬಂದರೆ ಯಾರೂ ಕೇಳಲ್ಲ. ಮುಂದಿನ ಪೀಳಿಗೆಯನ್ನು ಬರೀ ಅಸ್ಥಿಪಂಜರ ಮಾಡಬೇಕಾ ಅಂತ ಯಾನ್ಯಾ ಬಹಿರಂಗವಾಗಿ ಕೇಳಿದಳು. 2024ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಇದಕ್ಕಾಗಿ ಹೊಸ ಆರೋಗ್ಯ ನಿಯಮ ತಂದಿತು. ಗೆಲ್ಲೋದರ ತುದಿಯಲ್ಲಿ ಇರುವವರೇ ಇಂಥ ಮಾತು ಎತ್ತೋದು ಅಪರೂಪ. ಸೋತವರು ಹೇಳಿದರೆ ನೆಪ ಅಂತಾರೆ, ಅಲ್ವಾ?

ನಾವೂ ಹತ್ತಬಹುದಾ ಅಂತ ಈ ಕಡೆಯ ಹುಡುಗರು ಕೇಳ್ತಾರೆ. ಮಲೆನಾಡಿನಲ್ಲಿ ವರ್ಷದ ಅರ್ಧ ಭಾಗ ಬಂಡೆ ಮೇಲೆ ಪಾಚಿ, ಉಳಿದ ಕಡೆ ಜಂಬಿಟ್ಟಿಗೆ, ಕೈ ಹಾಕಿದರೆ ಪುಡಿ. ಬಾದಾಮಿಯ ಮರಳುಗಲ್ಲಿಗೆ ಹೋಗಿ, ಚಳಿಗಾಲದಲ್ಲಿ, ಗೊತ್ತಿದ್ದವರ ಜೊತೆ. ಬೌಲ್ಡರಿಂಗ್ ಬೇಕಾದರೆ ಹಂಪಿ.

2025ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಲೀಡ್, ಬೌಲ್ಡರ್ ಎರಡೂ ವಿಶ್ವ ಪಟ್ಟ ಮತ್ತೆ ಯಾನ್ಯಾಗೇ ಬಂದವು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಪದಕ, ಅವಳಿಗೆ ಆಗ 29. ಲೀಡ್‌ನಲ್ಲಿ ನಾನು ಮೋರಿ ಪಕ್ಷ, ಪ್ಯಾರಿಸ್ಸಿನ ಬಾಕಿ ತೀರಬೇಕು. ಬೌಲ್ಡರ್‌ನಲ್ಲಿ ಮಾತ್ರ ಯಾನ್ಯಾ ಸೋಲ್ತಾಳೆ ಅಂತ ಯಾರಾದರೂ ಬೆಟ್ ಕಟ್ಟೋದಿದ್ದರೆ ಹೇಳಿ, ನಾನು ರೆಡಿ.