ದನಿ ಕೇಳಿಸುತ್ತೆ, ಮಾತು ತಿಳಿಯೋದಿಲ್ಲ

"ಏನೋ ಅಂದ ಹಾಗಾಯ್ತು, ಏನಂದೆ?" ಕಿವಿ ಮಂದವಾಗುತ್ತಿರುವವರ ಬಾಯಲ್ಲಿ ಮೊದಮೊದಲು ಬರುವ ಮಾತು ಇದು. ಯಾರೋ ಮಾತಾಡಿದ್ದು ಗೊತ್ತಾಗಿರುತ್ತದೆ, ಏನು ಮಾತಾಡಿದರು ಅನ್ನೋದು ಗೊತ್ತಾಗಿರುವುದಿಲ್ಲ. "ಇವರಿಗೆ ಬೇಕಾದ್ದು ಮಾತ್ರ ಕೇಳಿಸುತ್ತೆ" ಅಂತ ಮನೆಯವರು ಬೇಸರಪಡುತ್ತಾರೆ. ಹಾಗನ್ನುವುದು ಅನ್ಯಾಯ. ಕಿವಿ ಕೆಟ್ಟಾಗ ಎಲ್ಲ ಸದ್ದೂ ಒಂದೇ ಸಮನೆ ತಗ್ಗುವುದಿಲ್ಲ, ಹೆಚ್ಚಿನವರಿಗೆ ಕೆಲವು ಅಕ್ಷರಗಳಷ್ಟೇ ಉದುರಿಹೋಗುತ್ತವೆ.

ಸಾಲು, ಕಾಲು, ಪಾಲು, ಹಾಲು. ಈ ನಾಲ್ಕರಲ್ಲೂ 'ಆಲು' ಅನ್ನುವ ಭಾಗ ದಪ್ಪ ದನಿಯದು, ಬಲವಾದದ್ದು, ಕಿವಿಗೆ ಸುಲಭವಾಗಿ ಸಿಗುತ್ತದೆ. ಅರ್ಥ ಬೇರೆ ಮಾಡುವುದು ಮೊದಲ ವ್ಯಂಜನ, ಅದಕ್ಕೋ ಶಕ್ತಿ ತೀರಾ ಕಡಿಮೆ. 'ಸ'ಕಾರದ ಸಿಳ್ಳಿನಂಥ ಸದ್ದು ಇರುವುದೇ 4000 ಹರ್ಟ್ಸಿನ (ಸದ್ದು ಎಷ್ಟು ಕೀರಲು ಅನ್ನುವ ಅಳತೆ) ಸುತ್ತಮುತ್ತ ಮತ್ತು ಅದರ ಮೇಲೆ. ಒಳಗಿವಿಯ ಬಸವನಹುಳುವಿನಂಥ ಕಾಕ್ಲಿಯಾದಲ್ಲಿ ಸುಮಾರು 15,000 ಕೂದಲುಕೋಶಗಳಿವೆ. ಕೀರಲು ಸದ್ದನ್ನು ಹಿಡಿಯುವವು ಬಾಗಿಲ ಬಳಿ, ದಪ್ಪ ಸದ್ದಿನವು ಒಳತುದಿಯಲ್ಲಿ. ವಯಸ್ಸಿನಿಂದಾಗಲಿ ಗದ್ದಲದಿಂದಾಗಲಿ ಮೊದಲು ಸಾಯುವುದು ಸಾಮಾನ್ಯವಾಗಿ ಬಾಗಿಲ ಬಳಿಯವು. ಹಕ್ಕಿಗಳಲ್ಲಿ ಈ ಕೋಶಗಳು ಮತ್ತೆ ಹುಟ್ಟುತ್ತವೆ, ಮನುಷ್ಯರಲ್ಲಿ ಇಲ್ಲ.

ಇನ್ನೊಂದು ಸಂಗತಿ ಮನೆಮನೆಯಲ್ಲೂ ಜಗಳ ತರುತ್ತದೆ. "ಜೋರಾಗಿ ಹೇಳು" ಅಂದವರೇ, ದನಿ ಏರಿಸಿದರೆ "ಯಾಕೆ ಕಿರುಚ್ತೀಯಾ" ಅನ್ನುತ್ತಾರೆ. ಅದು ಸಿಡುಕಲ್ಲ. ಸಣ್ಣ ಸದ್ದನ್ನು ಹಿಗ್ಗಿಸಿಕೊಡುವ ಹೊರಸಾಲಿನ ಕೋಶಗಳು ಹೋಗಿರುತ್ತವೆ, ಆದರೆ ದೊಡ್ಡ ಸದ್ದು ಮೊದಲಿನಷ್ಟೇ ದೊಡ್ಡದಾಗಿ ತಟ್ಟುತ್ತದೆ. 'ಕೇಳಿಸಲ್ಲ' ಮತ್ತು 'ಕಿವಿ ನೋಯುತ್ತೆ' ಇವೆರಡರ ನಡುವಿನ ಜಾಗ ಕಿರಿದಾಗಿರುತ್ತದೆ.

ಎಲ್ಲ ಕಿವುಡುತನವೂ ಒಳಗಿವಿಯದ್ದಲ್ಲ. ಗುಗ್ಗೆ ಕಟ್ಟಿಕೊಂಡಿರಬಹುದು, ತಮಟೆ ತೂತಾಗಿರಬಹುದು, ಅದರ ಹಿಂದೆ ನೀರು ನಿಂತಿರಬಹುದು, ಅಥವಾ ಅಲ್ಲಿರುವ ಪುಟ್ಟ ಮೂಳೆ ಬಿಗಿದುಕೊಂಡಿರಬಹುದು. ಇವುಗಳಲ್ಲಿ ಹೆಚ್ಚಿನವಕ್ಕೆ ಔಷಧಿಯೋ ಶಸ್ತ್ರಚಿಕಿತ್ಸೆಯೋ ಇದೆ. ಹತ್ತಿಕಡ್ಡಿ ಹಾಕಿದರೆ ಗುಗ್ಗೆ ಹೊರಗೆ ಬರುವುದಕ್ಕಿಂತ ಒಳಗೆ ಒತ್ತಿಕೊಳ್ಳುವುದೇ ಹೆಚ್ಚು. ಕಿವಿ ಸೋರುತ್ತಿದ್ದರೆ ಅಥವಾ ತಮಟೆ ತೂತಾಗಿರುವ ಅನುಮಾನವಿದ್ದರೆ ಎಣ್ಣೆ, ನೀರು ಯಾವುದನ್ನೂ ಬಿಡಬೇಡಿ.

ಒಂದೇ ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಬಾಯಿ ಮುಚ್ಚಿ "ಮ್‌ಮ್‌ಮ್" ಅಂತ ಗುನುಗಿ ನೋಡಿ. ಆ ದನಿ ಮಂದವಾದ ಕಿವಿಯ ಕಡೆಗೇ ಜೋರಾಗಿ ಕೇಳಿಸಿದರೆ ದಾರಿ ಕಟ್ಟಿರುವ ಸಾಧ್ಯತೆ ಹೆಚ್ಚು. ಸರಿಯಿರುವ ಕಿವಿಯ ಕಡೆಗೆ ವಾಲಿದರೆ ಪೆಟ್ಟು ಒಳಗಿವಿಗೋ ನರಕ್ಕೋ ಬಿದ್ದಿರಬಹುದು. ಇದು ಸುಳಿವು ಅಷ್ಟೇ, ಹೇಗೆ ಕೇಳಿಸಿದರೂ ಅಂದೇ ಕಿವಿ ಡಾಕ್ಟರ ಹತ್ತಿರ ಹೋಗಬೇಕು. ಒಳಗಿವಿ ಹೀಗೆ ಮೂರೇ ದಿನದೊಳಗೆ ಕುಸಿದಿದ್ದರೆ ಸ್ಟಿರಾಯ್ಡ್ ಕೊಡುತ್ತಾರೆ. ಮೊದಲ ಎರಡು ವಾರದಲ್ಲೇ, ಅದರಲ್ಲೂ ಆದಷ್ಟು ಬೇಗ ಶುರುಮಾಡಿದರೆ ಫಲ ಸಿಗುವ ಸಾಧ್ಯತೆ ಹೆಚ್ಚು. "ನೆಗಡಿ ಇರಬೇಕು, ಸರಿಹೋಗುತ್ತೆ" ಅಂತ ತಿಂಗಳುಗಟ್ಟಲೆ ಕಾದು ಕಿವಿ ಕಳೆದುಕೊಳ್ಳುವವರನ್ನು ನೆನೆದರೆ ಸಂಕಟವಾಗುತ್ತದೆ.

ಗದ್ದಲದ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ. ಅಲ್ಲಿಂದ 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, ನೂರಕ್ಕೆ ಬರೀ 15 ನಿಮಿಷ. ಸೋಂಕಿಗೆ ಕೊಡುವ ಜೆಂಟಮೈಸಿನ್, ಅಮಿಕಾಸಿನ್, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್‌ನಂಥ ಔಷಧಿಗಳೂ ಕೂದಲುಕೋಶ ಕೊಲ್ಲಬಲ್ಲವು. ಅವನ್ನು ಕೊಡುವಾಗ ಕಿವಿ ಪರೀಕ್ಷೆಯ ಬಗ್ಗೆ ಕೇಳಿ.

ಕಿವಿ ಪರೀಕ್ಷೆಯ ನಕ್ಷೆ, ಅಂದರೆ ಆಡಿಯೋಗ್ರಾಂ, ಕೈಗೆ ಬಂದರೆ ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಿಸು ಗುರುತು ಎಡಗಿವಿ. ಗೆರೆ ಕೆಳಗಿಳಿದಷ್ಟೂ ಕೇಳಿಸುವುದು ಕಡಿಮೆ. ಎಡಬದಿಯಲ್ಲಿ 250 ಹರ್ಟ್ಸ್, ಬಲಬದಿಯಲ್ಲಿ 8000. ಗೆರೆ ಬಲಕ್ಕೆ ಹೋದಂತೆ ಕೆಳಗೆ ಜಾರಿದ್ದರೆ ಮೇಲೆ ಹೇಳಿದ ಅಕ್ಷರಗಳ ತೊಂದರೆ. 4000ದ ಹತ್ತಿರ ಮಾತ್ರ ಗುಂಡಿ ಬಿದ್ದಿದ್ದರೆ ಗದ್ದಲದ ಪೆಟ್ಟು ಅಂತ ಅನುಮಾನಿಸುತ್ತಾರೆ. ಪದಗಳನ್ನು ಕೇಳಿಸಿ ಎಷ್ಟು ಸರಿಯಾಗಿ ಹೇಳುತ್ತೀರಿ ಎಂದು ನೋಡುವ ಪರೀಕ್ಷೆಯನ್ನೂ ಮಾಡಿಸಿ. ಹಿಯರಿಂಗ್ ಏಡ್‌ನಿಂದ ಎಷ್ಟು ಉಪಯೋಗವಾದೀತು ಅನ್ನುವ ಅಂದಾಜು ಅದರಿಂದ ಸಿಗುತ್ತದೆ.

ಹಿಯರಿಂಗ್ ಏಡ್ ಹಾಕಿದ ಮೊದಲ ವಾರ ನಮ್ಮ ದನಿಯೇ ಕೊಡದೊಳಗೆ ಮಾತಾಡಿದ ಹಾಗೆ ಕೇಳುತ್ತದೆ, ಕಾಗದ ಮಡಚಿದರೂ ಕಿರಿಕಿರಿ. ಮಿದುಳು ಒಗ್ಗಿಕೊಳ್ಳಲು ಕೆಲವು ವಾರ ಬೇಕು, ಅದೂ ದಿನಾ ಹಾಕಿಕೊಂಡರೆ ಮಾತ್ರ. ಮದುವೆಮುಂಜಿಗೆಂದು ತೆಗೆದಿಟ್ಟವರಿಗೆ ಅದು ಎಂದೂ ಒಗ್ಗುವುದಿಲ್ಲ. ತಿರುತಿರುಗಿ ಹೋಗಿ ಹೊಂದಿಸಿಕೊಳ್ಳಲು ಹಿಂಜರಿಯಬೇಡಿ.

"ಮಿಷನ್ ಕೆಟ್ಟುಹೋಯ್ತು" ಅಂತ ತಂದರೆ ಬಹಳ ಸಲ ಆಗಿರುವುದು ಇಷ್ಟೇ: ದನಿ ಹೊರಬರುವ ತುದಿಯಲ್ಲಿ ಬಿಳಿಯ ಪುಟ್ಟ ಫಿಲ್ಟರ್ ಇರುತ್ತದೆ, ಸಾಸಿವೆಗಿಂತ ತುಸು ದೊಡ್ಡದು, ಅದರೊಳಗೆ ಗುಗ್ಗೆ ತುಂಬಿರುತ್ತದೆ. ಜೊತೆಗೆ ಬರುವ ಕಡ್ಡಿಯ ಒಂದು ತುದಿಯಿಂದ ಹಳೆಯದನ್ನು ಎಳೆದು, ಇನ್ನೊಂದು ತುದಿಯಿಂದ ಹೊಸದನ್ನು ಒತ್ತಿದರೆ ಆಯಿತು. ಪಿನ್ನಿನಿಂದ ಚುಚ್ಚಿದರೆ ಒಳಗಿನ ಸ್ಪೀಕರ್ ಹಾಳಾಗುತ್ತದೆ. ಕುಯ್ಯೋ ಅಂತ ಸಿಳ್ಳು ಬಂದರೆ ಕಿವಿಯೊಳಗಿನ ತುದಿ ಸರಿಯಾಗಿ ಕೂತಿಲ್ಲ, ಅಳತೆ ಸಡಿಲ, ಇಲ್ಲವೇ ಕಿವಿಯಲ್ಲಿ ಗುಗ್ಗೆ ಇದೆ. ಬಿಲ್ಲೆ ಬ್ಯಾಟರಿಗೆ ಬಣ್ಣದ ಗುರುತಿದೆ: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಅದು ಗಾಳಿ ಕುಡಿದು ಕೆಲಸ ಮಾಡುವಂಥದ್ದು. ಸ್ಟಿಕ್ಕರ್ ಕಿತ್ತ ಮೇಲೆ ಎರಡು ಮೂರು ನಿಮಿಷ ಬಿಟ್ಟು ಹಾಕಿ. ಮಕ್ಕಳು ನುಂಗಿದರೆ ಅಪಾಯ, ಎತ್ತರದಲ್ಲಿಡಿ. ರಾತ್ರಿ ಬ್ಯಾಟರಿಯ ಬಾಗಿಲು ತೆರೆದು, ತೇವ ಹೀರುವ ಡಬ್ಬಿಯಲ್ಲಿ ಇಡಿ.

ಇನ್ನು ಮಾತಾಡುವವರಿಗೆ. ಇನ್ನೊಂದು ಕೋಣೆಯಿಂದ ಕೂಗುವುದನ್ನು ಬಿಡಿ. ತೆರೆದ ಜಾಗದಲ್ಲಿ ದೂರ ಅರ್ಧಕ್ಕಿಳಿಸಿದರೆ 6 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ಒಂದು ಮೀಟರಿನಷ್ಟು ಹತ್ತಿರ ಬನ್ನಿ, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಟೀವಿ ನಿಲ್ಲಿಸಿ, ಹೆಸರು ಹಿಡಿದು ಕರೆದ ಮೇಲೆ ವಿಷಯಕ್ಕೆ ಬನ್ನಿ. ಕೂಗಿದರೆ ಸ್ವರ ದೊಡ್ಡದಾಗುತ್ತದೆಯೇ ಹೊರತು 'ಸ', 'ಕ' ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ತುಟಿಯ ಆಕಾರವೂ ಕೆಡುತ್ತದೆ. ಮರ, ಬರ, ಪರ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಹಾಗಾಗಿ ಅದೇ ಪದವನ್ನು ಮೂರು ಸಲ ಹೇಳುವ ಬದಲು "ಅಂಗಳದ ಮರ" ಅಂತ ಇನ್ನೊಂದು ಪದ ಸೇರಿಸಿ ಹೇಳಿ. ತಾರೀಖು, ಸಮಯ, ಔಷಧಿಯ ಪ್ರಮಾಣ ಇವನ್ನು ಮಾತ್ರ ಚೀಟಿಯಲ್ಲಿ ಬರೆದೇ ಕೊಡಿ.